ಡಾ. ಕೆ. ಶಿವರಾಮ ಕಾರಂತ ಮತ್ತು ಯಕ್ಷಗಾನದ ಎಳೆಯರ ಕುಣಿತ ಶಿಕ್ಷಣ

ಪೀಠಿಕೆ

ಸಿಗಂದೂರು ಸೇರಿದಂತೆ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಬಡಗುತಿಟ್ಟು ಯಕ್ಷಗಾನ ಬೇರೂರಿರುವ ಪ್ರದೇಶಗಳಾಗಿವೆ. ಮಳೆಗಾಲ ಮುಗಿದ ನಂತರ ಕರಾವಳಿಯ ಮೇಳಗಳು ಘಟ್ಟವನ್ನೇರಿ ಇಲ್ಲಿ ಆಟವಾಡುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಸಿಗಂದೂರಿನ ಚೌಡೇಶ್ವರಿ ದೇವಿಯ ಹೆಸರಿನಲ್ಲಿಯೂ ಮೇಳವೊಂದು ತಿರುಗಾಟ ನಡೆಸಿದೆ. ಈ ಭಾಗದ ಮಕ್ಕಳು ಇಂದು ಹೆಜ್ಜೆ ಕಲಿಯಲು ಗೆಜ್ಜೆ ಕಟ್ಟುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರನ್ನು ಮೊದಲು ಸೆಳೆಯುವುದು ಗಿರಕಿ ಮತ್ತು ಮಂಡಿ. ನಿಂತಲ್ಲಿಯೇ ಸುತ್ತುವುದು ಗಿರಕಿ. ಮೊಣಕಾಲೂರಿ ರಂಗಸ್ಥಳದಲ್ಲಿ ಸುತ್ತುತ್ತ ಸಾಗುವುದು ಮಂಡಿ.

ಈ ತಿರುವುಗಳನ್ನು ಎಳೆಯರಿಗೆ ಹೇಗೆ ಕಲಿಸಬೇಕು, ಏಕೆ ಕಲಿಸಬೇಕು ಎಂಬ ಪ್ರಶ್ನೆಯು ಡಾ. ಕೆ. ಶಿವರಾಮ ಕಾರಂತರ ಬದುಕಿನೊಡನೆ ನಿಕಟ ಸಂಬಂಧ ಹೊಂದಿದೆ. ಕಾದಂಬರಿಕಾರರೆಂದು ನಾಡಿಗೆಲ್ಲ ಪರಿಚಿತರಾದ ಶ್ರೀಯುತರು ಯಕ್ಷಗಾನದ ಕುಣಿತವು ಕೇವಲ ಚಮತ್ಕಾರವಾಗದಂತೆ ಕಾಯಲು ತಮ್ಮ ಆಯುಷ್ಯದ ಬಹುಭಾಗವನ್ನು ವಿನಿಯೋಗಿಸಿದರು. ಮಕ್ಕಳನ್ನು ತರಬೇತಿಗೆ ಸೇರಿಸಲಿಚ್ಛಿಸುವ ಪೋಷಕರಿಗೆ ಹಾಗೂ ತರಬೇತಿ ಶಿಬಿರಗಳಿಗಾಗಿ ಅರ್ಜಿ ಸಲ್ಲಿಸುವ ಸಂಘ ಸಂಸ್ಥೆಗಳಿಗೆ ಉಪಯೋಗವಾಗಲೆಂದು ಅವರ ಜೀವನದ ಈ ಭಾಗವನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ಆರಂಭದ ದಿನಗಳು

ಶಿವರಾಮ ಕಾರಂತರು 1902ನೇ ಇಸವಿ ಅಕ್ಟೋಬರ್ 10ರಂದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕೋಟದಲ್ಲಿ ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಬಡಗುತಿಟ್ಟಿನ ಎರಡು ಪ್ರಮುಖ ಶೈಲಿಗಳಿಗೆ ಹೆಸರು ಕೊಟ್ಟ ಹಾರಾಡಿ ಮತ್ತು ಮಟಪಾಡಿ ಗ್ರಾಮಗಳು ಕೋಟದಿಂದ ಬಹಳ ದೂರವೇನೂ ಇಲ್ಲ. ಸುಗ್ಗಿ ಮುಗಿದ ಗದ್ದೆಯಲ್ಲಿ ದೊಂದಿಯ ಬೆಳಕಿನಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಬಯಲಾಟವು ಆ ಕಾಲದ ಹಳ್ಳಿಯ ಮಕ್ಕಳಿಗೆ ಪುರಾಣಪಾಠವೂ ಹೌದು, ಸಂಗೀತ ಮತ್ತು ನೃತ್ಯದ ಪಾಠವೂ ಹೌದು. ಕಾರಂತರೂ ಇದೇ ಪರಿಸರದಲ್ಲಿ ಬೆಳೆದರು.

ಮಂಗಳೂರಿನಲ್ಲಿ ಕಾಲೇಜು ವ್ಯಾಸಂಗ ಮಾಡುತ್ತಿದ್ದಾಗ, 1921ರಲ್ಲಿ ಮಹಾತ್ಮಾ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅವರು ವಿದ್ಯಾಭ್ಯಾಸವನ್ನು ತ್ಯಜಿಸಿದರು. ಖಾದಿ ಮತ್ತು ಸ್ವದೇಶಿ ಪ್ರಚಾರದಲ್ಲಿ ಕೆಲವು ವರ್ಷ ತೊಡಗಿಸಿಕೊಂಡ ಬಳಿಕ ಪತ್ರಿಕೆ, ನಾಟಕ ಮತ್ತು ಸಾಹಿತ್ಯದ ಕಡೆಗೆ ಹೊರಳಿದರು. ಪದವಿಯಿಲ್ಲದೆ, ಗುರುಕುಲವಿಲ್ಲದೆ ತಾವೇ ನೋಡಿ, ಮಾಡಿ, ತಪ್ಪಿ ಕಲಿತವರು ಅವರು. ಕಲಿಕೆಯ ಕುರಿತು ಅವರು ಮುಂದೆ ತಳೆದ ನಿಲುವಿಗೆ ಈ ಅನುಭವವು ತಳಹದಿಯಾಯಿತು.

ಪುತ್ತೂರಿನ ಬಾಲವನ

ಕಾರಂತರು ತಮ್ಮ ಜೀವನದ ಸುಮಾರು ನಾಲ್ಕು ದಶಕಗಳನ್ನು ಪುತ್ತೂರಿನಲ್ಲಿ ಕಳೆದರು. 1936ರಲ್ಲಿ ಲೀಲಾ ಆಳ್ವರೊಡನೆ ಅವರ ವಿವಾಹವಾಯಿತು. ಅವರು ಅಲ್ಲಿ ಸ್ಥಾಪಿಸಿದ ಬಾಲವನವು ಮಕ್ಕಳ ಶಿಕ್ಷಣದ ಪ್ರಯೋಗಶಾಲೆಯಾಗಿತ್ತು. ಪುಸ್ತಕದ ಪಾಠದೊಡನೆ ಆಟ, ಹಾಡು, ಚಿತ್ರ, ನಾಟಕ ಮತ್ತು ಕುಣಿತಗಳಿಗೂ ಅಲ್ಲಿ ಸಮಾನ ಸ್ಥಾನವಿತ್ತು. ಮಗುವಿನ ಕೈಕಾಲುಗಳು ಬುದ್ಧಿಯಷ್ಟೇ ಕಲಿಯಬಲ್ಲವು, ಅವುಗಳಿಗೆ ಹೆದರಿಕೆಯಿಲ್ಲದ ಅವಕಾಶ ಬೇಕು ಎಂಬುದು ಬಾಲವನದ ತಿರುಳು.

ಇದೇ ಅವಧಿಯಲ್ಲಿ ಅವರು ಗೀತನಾಟಕ ಹಾಗೂ ನೃತ್ಯರೂಪಕಗಳನ್ನು ರಚಿಸಿ, ನಿರ್ದೇಶಿಸಿ, ಸ್ವತಃ ಕುಣಿದರು. ಮಕ್ಕಳಿಗಾಗಿ ಬಾಲಪ್ರಪಂಚವೆಂಬ ಮೂರು ಸಂಪುಟಗಳ ವಿಶ್ವಕೋಶವನ್ನು ಒಬ್ಬರೇ ಸಿದ್ಧಪಡಿಸಿದರು. ಪುತ್ತೂರಿನ ಈ ವರ್ಷಗಳಲ್ಲಿ ಅವರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು: ಕುಣಿತವೆಂಬುದು ಹುಟ್ಟಿನಿಂದ ಬರುವ ವರ ಮಾತ್ರವಲ್ಲ, ಕ್ರಮವಾಗಿ ಕಲಿಸಿದರೆ ಸಾಮಾನ್ಯ ಮಗುವೂ ಅದನ್ನು ತನ್ನದಾಗಿಸಿಕೊಳ್ಳಬಲ್ಲದು.

ಯಕ್ಷಗಾನದ ಅಧ್ಯಯನ

ಕಾರಂತರು ಹಳೆಯ ಪ್ರಸಂಗಗಳನ್ನು, ತಾಳೆಗರಿಗಳನ್ನು, ವೇಷಭೂಷಣಗಳನ್ನು ಹುಡುಕಿಕೊಂಡು ಊರೂರು ಅಲೆದರು. ಹಿರಿಯ ಭಾಗವತರಿಂದ ರಾಗಗಳನ್ನೂ, ಹಿರಿಯ ವೇಷಧಾರಿಗಳಿಂದ ಹೆಜ್ಜೆಗಳನ್ನೂ ಸಂಗ್ರಹಿಸಿದರು. ಈ ಅಧ್ಯಯನದ ಫಲವಾಗಿ ಯಕ್ಷಗಾನ ಬಯಲಾಟ ಎಂಬ ಗ್ರಂಥವು ಹೊರಬಂದಿತು. ಈ ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು.

ಈ ಅಲೆದಾಟದಲ್ಲಿ ಅವರಿಗೆ ಕಂಡದ್ದು ಸಂತೋಷದ ಚಿತ್ರವಾಗಿರಲಿಲ್ಲ. ಕುಣಿತದ ಕ್ರಮವು ಎಲ್ಲಿಯೂ ಬರಹದಲ್ಲಿ ಇರಲಿಲ್ಲ. ಅದು ಕಲಾವಿದರ ದೇಹದಲ್ಲಿಯೇ ಇತ್ತು. ಹಿರಿಯ ವೇಷಧಾರಿಯೊಬ್ಬರು ತೀರಿಕೊಂಡರೆ ಅವರೊಡನೆ ಕೆಲವು ಹೆಜ್ಜೆಗಳೂ ಕಣ್ಮರೆಯಾಗುತ್ತಿದ್ದವು. 1950ರ ನಂತರದ ದಶಕಗಳಲ್ಲಿ ಡೇರೆ ಮೇಳಗಳು ಬೆಳೆದು, ಟಿಕೇಟು ಪಡೆದು ಆಟ ನೋಡುವ ಪದ್ಧತಿ ಹೆಚ್ಚಾಯಿತು. ಪ್ರೇಕ್ಷಕರ ಚಪ್ಪಾಳೆಯೇ ಮೇಳದ ಆದಾಯವನ್ನು ನಿರ್ಧರಿಸತೊಡಗಿದಾಗ, ಒಡ್ಡೋಲಗದಂತಹ ನಿಧಾನದ ಕುಣಿತಗಳು ಮೊಟಕಾದವು. ಗಿರಕಿಗಳ ಎಣಿಕೆ ಹೆಚ್ಚಿತು, ಅವುಗಳ ಅರ್ಥ ಕಡಿಮೆಯಾಯಿತು.

ಯಕ್ಷಗಾನದ ತಿರುವಿಗೆ ಕಥೆಯೊಳಗೆ ಒಂದು ಕೆಲಸವಿದೆ. ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯು ಸುತ್ತುವಾಗ ನೋಡುಗರಿಗೆ ಕಾಣಬೇಕಾದುದು ನಟನ ಉಸಿರಿನ ಬಲವಲ್ಲ. ನಾಲ್ಕೂ ದಿಕ್ಕಿನಿಂದ ಕವಿದುಬಂದ ವೈರಿಗಳು ಮತ್ತು ನಡುವೆ ಒಂಟಿಯಾದ ಒಬ್ಬ ಬಾಲಕ. ಅದೇ ತಿರುವನ್ನು ಕಥೆಗೆ ಸಂಬಂಧವಿಲ್ಲದೆಡೆ ಹತ್ತು ಬಾರಿ ಹಾಕಿದರೆ ಅಭಿಮನ್ಯು ಮರೆಯಾಗಿ ಎಣಿಕೆ ಮಾತ್ರ ಉಳಿಯುತ್ತದೆ. ಮಾತಿಗಿಂತ ಕುಣಿತ ಹಾಗೂ ಹಾಡಿನ ಮೂಲಕವೇ ಭಾವ ಪ್ರಕಟವಾಗಬೇಕೆಂಬ ಕಾರಂತರ ಆಗ್ರಹವು ಈ ಹಿನ್ನೆಲೆಯಲ್ಲಿ ಹುಟ್ಟಿದ್ದು.

ಹಿಂದಿನ ಕಲಿಕೆಯ ಪದ್ಧತಿ

ಹಿಂದೆ ಕಲಿಯಬಯಸುವ ಹುಡುಗನು ಎಳವೆಯಲ್ಲಿಯೇ ಮೇಳಕ್ಕೆ ಸೇರುತ್ತಿದ್ದನು. ಚೌಕಿಯಲ್ಲಿ ಹಿರಿಯರಿಗೆ ನೆರವಾಗುವುದು, ಪೆಟ್ಟಿಗೆ ಕಾಯುವುದು ಅವನ ಮೊದಲ ಕೆಲಸಗಳು. ಪೂರ್ವರಂಗದಲ್ಲಿ ಕೋಡಂಗಿಯಾಗಿ ರಂಗಸ್ಥಳವನ್ನು ಮೊದಲು ಮೆಟ್ಟುತ್ತಿದ್ದನು. ಬಳಿಕ ಬಾಲಗೋಪಾಲ, ಅನಂತರ ಸ್ತ್ರೀವೇಷ ಹಾಗೂ ಸಣ್ಣಪುಟ್ಟ ಪುರುಷವೇಷಗಳು ದೊರೆಯುತ್ತಿದ್ದವು. ಮುಂಡಾಸು ಅಥವಾ ಕಿರೀಟ ತಲೆಗೇರಲು ಹಲವು ವರ್ಷಗಳೇ ಬೇಕಾಗುತ್ತಿದ್ದವು.

ಈ ಪದ್ಧತಿಯಲ್ಲಿ ಒಂದು ದೊಡ್ಡ ಗುಣವಿತ್ತು. ಸುಲಭದಿಂದ ಕಠಿಣಕ್ಕೆ, ಹಗುರ ವೇಷದಿಂದ ಭಾರದ ವೇಷಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮವು ಅದರಲ್ಲಿ ಸಹಜವಾಗಿಯೇ ಅಡಕವಾಗಿತ್ತು. ಕೊರತೆಯೂ ಅಷ್ಟೇ ದೊಡ್ಡದು. ಕಲಿಕೆಯೆಲ್ಲ ನಿದ್ದೆಗೆಟ್ಟ ಕಣ್ಣಿನಿಂದ ನೋಡಿ ಕಲಿಯುವುದೇ ಆಗಿತ್ತು. ಪಾದ ತಪ್ಪಿ ಬಿದ್ದಾಗ, ಮೊಣಕಾಲು ವಾಲಿದಾಗ ಅದನ್ನು ಕಂಡು ತಿದ್ದಲು ಹಿರಿಯರಿಗೆ ಬಿಡುವಿರಲಿಲ್ಲ. ಶಾಲೆಯೂ ತಪ್ಪುತ್ತಿತ್ತು. ಅದೃಷ್ಟವಿದ್ದವನಿಗೆ ಒಳ್ಳೆಯ ಗುರು ಸಿಗುತ್ತಿದ್ದನು. ಉಳಿದವರು ತಪ್ಪನ್ನೇ ಗಟ್ಟಿಮಾಡಿಕೊಂಡು ಬೆಳೆಯುತ್ತಿದ್ದರು.

ಉಡುಪಿಯ ಯಕ್ಷಗಾನ ಕೇಂದ್ರ

ಈ ಕೊರತೆಯನ್ನು ನೀಗಿಸುವ ಪ್ರಯತ್ನವಾಗಿ 1971ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಸ್ಥಾಪನೆಯಾಯಿತು. ಕಾಲೇಜಿನ ಪ್ರಾಂಶುಪಾಲರಾಗಿದ್ದ ಪ್ರೊ. ಕು. ಶಿ. ಹರಿದಾಸ ಭಟ್ಟರು ಇದರ ಹಿಂದಿನ ಶಕ್ತಿಯಾಗಿದ್ದರು, ಕಾರಂತರು ಮಾರ್ಗದರ್ಶಕರಾದರು. ಮಟಪಾಡಿ ವೀರಭದ್ರ ನಾಯಕರು ಕುಣಿತವನ್ನೂ, ಹಿರಿಯಡಕ ಗೋಪಾಲರಾಯರು ಮದ್ದಳೆಯನ್ನೂ, ನೀಲಾವರ ರಾಮಕೃಷ್ಣಯ್ಯನವರು ಭಾಗವತಿಕೆಯನ್ನೂ ಕಲಿಸಿದರು. ಮೇಳದಲ್ಲಿ ಪಳಗಿದ ಹಿರಿಯರು ಹಗಲಿನ ಬೆಳಕಿನಲ್ಲಿ, ವೇಷವಿಲ್ಲದೆ, ಎಳೆಯರ ಎದುರು ನಿಂತು ಒಂದೊಂದೇ ಹೆಜ್ಜೆಯನ್ನು ಬಿಡಿಸಿ ತೋರಿಸುವ ವ್ಯವಸ್ಥೆ ಇದರಿಂದ ಸಾಧ್ಯವಾಯಿತು.

ತಮ್ಮ ಪ್ರಯೋಗಗಳಿಗಾಗಿ ಕಾರಂತರು ಯಕ್ಷರಂಗ ತಂಡವನ್ನು ಕಟ್ಟಿದರು. ನಳದಮಯಂತಿ, ಪಂಚವಟಿ ಮೊದಲಾದ ಪ್ರಸಂಗಗಳನ್ನು ಇಡೀ ರಾತ್ರಿಯ ಬದಲು ಎರಡು ಮೂರು ಗಂಟೆಗಳಿಗೆ ಅಳವಡಿಸಿ, ದೇಶವಿದೇಶಗಳಲ್ಲಿ ಪ್ರದರ್ಶಿಸಿದರು. ಎಪ್ಪತ್ತು ದಾಟಿದ ಮೇಲೆಯೂ ತಾವೇ ರಂಗದ ಮೇಲೆ ಕುಣಿದು ತೋರಿಸುತ್ತಿದ್ದರು.

ಮುಂದಿನ ವರ್ಷಗಳಲ್ಲಿ ಕೇಂದ್ರವು ಉಡುಪಿಯ ಇಂದ್ರಾಳಿಯಲ್ಲಿ ಗುರುಕುಲದ ರೂಪ ಪಡೆಯಿತು. ಬಾಲಕರು ಅಲ್ಲಿಯೇ ವಾಸವಿದ್ದು, ಶಾಲೆಯನ್ನೂ ಬಿಡದೆ, ಯಕ್ಷಗಾನವನ್ನು ಅಭ್ಯಾಸ ಮಾಡುವ ಏರ್ಪಾಡು ಅದು. ಮೇಳವೋ ಶಾಲೆಯೋ ಎಂಬ ಹಳೆಯ ಇಕ್ಕಟ್ಟಿಗೆ ಇದು ಒಂದು ಉತ್ತರವಾಯಿತು.

ತಿರುವುಗಳನ್ನು ಕಲಿಸುವ ಕ್ರಮ

ಯಕ್ಷಗಾನದ ಕುಣಿತವಾಗಲಿ, ಜಿಮ್ನಾಸ್ಟಿಕ್ಸ್ ಆಗಲಿ, ಎಳೆಯರಿಗೆ ತಿರುವು ಕಲಿಸುವಾಗ ದೇಹದ ನಿಯಮಗಳು ಒಂದೇ ಆಗಿರುತ್ತವೆ. ಅನುಭವಿ ಗುರುಗಳು ಅನುಸರಿಸುವ ಕ್ರಮದ ಮುಖ್ಯ ಅಂಶಗಳು ಈ ಕೆಳಗಿನಂತಿವೆ.

1. ತಾಳ ಮೊದಲು, ತಿರುವು ಅನಂತರ. ರೂಪಕದಲ್ಲಿ 6, ತ್ರಿವುಡೆಯಲ್ಲಿ 7, ಝಂಪೆಯಲ್ಲಿ 10, ಅಷ್ಟತಾಳದಲ್ಲಿ 14 ಅಕ್ಷರಗಳಿರುತ್ತವೆ. ವಿದ್ಯಾರ್ಥಿಯು ಬಾಯಿತಾಳವನ್ನು ಹೇಳುತ್ತ, ಕೈಯಲ್ಲಿ ತಾಳ ಹಾಕುತ್ತ ಹೆಜ್ಜೆಯಿಡಲು ಕಲಿಯಬೇಕು. ತಿರುವು ಎಲ್ಲಿ ಆರಂಭವಾಗಿ ಎಲ್ಲಿ ನಿಲ್ಲಬೇಕೆಂಬುದನ್ನು ತಾಳವೇ ನಿರ್ಧರಿಸುತ್ತದೆ.

2. ನಿಲುವು. ಮೊಣಕಾಲುಗಳು ಸ್ವಲ್ಪ ಬಾಗಿ, ಬೆನ್ನು ನೇರವಾಗಿ, ದೇಹದ ಭಾರ ಎರಡೂ ಪಾದಗಳ ಮೇಲೆ ಸಮನಾಗಿ ಇರಬೇಕು. ಸೊಂಟದಿಂದ ಮೇಲಿನ ಭಾಗವು ವಾಲಿದರೆ ಸುತ್ತು ಜಾಗ ತಪ್ಪುತ್ತದೆ.

3. ಪಾದವೂ ಮೊಣಕಾಲೂ ಒಂದೇ ದಿಕ್ಕಿನಲ್ಲಿ. ಪಾದವು ನೆಲಕ್ಕೆ ಅಂಟಿಕೊಂಡಿದ್ದು ಮೊಣಕಾಲು ಮಾತ್ರ ತಿರುಚಿದರೆ ಕೀಲಿಗೆ ಪೆಟ್ಟಾಗುತ್ತದೆ. ಆದ್ದರಿಂದ ಕಾಲ್ಬೆರಳು ಮತ್ತು ಮೊಣಕಾಲು ಜೊತೆಯಾಗಿ ತಿರುಗುವುದನ್ನು ಮೊದಲು ಕಾಲು ಸುತ್ತು, ಅನಂತರ ಅರ್ಧ ಸುತ್ತು, ಕೊನೆಗೆ ಪೂರ್ಣ ಸುತ್ತು ಎಂಬಂತೆ ಅಭ್ಯಾಸ ಮಾಡಿಸಬೇಕು.

4. ದೃಷ್ಟಿ. ಸುತ್ತುವಾಗ ತಲೆ ತಿರುಗುವುದು ಒಳಗಿವಿಯ ಸಮತೋಲನ ಅಂಗದ ಸಹಜ ಪ್ರತಿಕ್ರಿಯೆ. ಎದುರಿನ ಒಂದು ಗುರುತನ್ನು ಸಾಧ್ಯವಾದಷ್ಟು ಹೊತ್ತು ನೋಡಿ, ಬಳಿಕ ತಲೆಯನ್ನು ಬೇಗನೆ ಹೊರಳಿಸಿ ಮತ್ತೆ ಅದೇ ಗುರುತನ್ನು ಹಿಡಿಯುವುದರಿಂದ ಇದು ಕಡಿಮೆಯಾಗುತ್ತದೆ. ತಲೆ ಸುತ್ತಿದ ಮಗುವನ್ನು ಕೂಡಲೇ ಕುಳ್ಳಿರಿಸಬೇಕು, ಮುಂದುವರಿಸುವಂತೆ ಒತ್ತಾಯಿಸಬಾರದು.

5. ಕೈಗಳು. ಕೈಗಳನ್ನು ಮೈಗೆ ಹತ್ತಿರ ತಂದರೆ ಸುತ್ತಿನ ವೇಗ ಹೆಚ್ಚುತ್ತದೆ, ಚಾಚಿದರೆ ತಗ್ಗುತ್ತದೆ. ನಿಲ್ಲಬೇಕಾದಾಗ ಕೈ ಚಾಚುವುದನ್ನು ಕಲಿತ ವಿದ್ಯಾರ್ಥಿಗೆ ತನ್ನ ವೇಗದ ಮೇಲೆ ಹಿಡಿತ ಸಿಗುತ್ತದೆ.

6. ಎರಡೂ ಬದಿಯ ಅಭ್ಯಾಸ. ಪ್ರತಿಯೊಬ್ಬರಿಗೂ ಒಂದು ಬದಿ ಸುಲಭವಾಗಿರುತ್ತದೆ. ಬಲಕ್ಕೆ ಸುತ್ತಿದಷ್ಟೇ ಎಡಕ್ಕೂ ಸುತ್ತಿಸಬೇಕು.

7. ಮಂಡಿ ಕೊನೆಗೆ. ತೊಡೆ ಹಾಗೂ ಸೊಂಟದ ಸ್ನಾಯುಗಳು ಬಲಗೊಂಡ ಮೇಲೆಯೇ ಮಂಡಿಯನ್ನು ಕಲಿಸಬೇಕು. ಹಿಂದಿನ ಬಯಲಾಟವು ಮಣ್ಣಿನ ನೆಲದ ಮೇಲೆ ನಡೆಯುತ್ತಿತ್ತು; ಇಂದಿನ ಶಾಲಾ ಸಭಾಂಗಣಗಳಲ್ಲಿ ನೆಲ ಸಿಮೆಂಟಿನದು ಅಥವಾ ಕಲ್ಲಿನದು. ಎಳೆಯರ ಮೊಣಕಾಲಿಗೆ ಅಂತಹ ನೆಲ ತಕ್ಕುದಲ್ಲ. ಚಾಪೆ ಹಾಸಿ, ಮೊಣಕಾಲಿಗೆ ದಪ್ಪ ಬಟ್ಟೆ ಕಟ್ಟಿ, ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸುವುದು ಸೂಕ್ತ.

8. ವೇಷದೊಡನೆ ಅಭ್ಯಾಸ. ಕಿರೀಟವು ತಲೆಗೇರಿದಾಗ ದೇಹದ ಭಾರದ ಕೇಂದ್ರವು ಮೇಲಕ್ಕೆ ಸರಿಯುತ್ತದೆ. ಬರಿಮೈಯಲ್ಲಿ ಸಲೀಸಾಗಿದ್ದ ತಿರುವು ವೇಷದಲ್ಲಿ ತಪ್ಪಬಹುದು. ಮೊದಲು ಗೆಜ್ಜೆ, ಬಳಿಕ ಉಡುಪು, ಕೊನೆಗೆ ಶಿರೋಭೂಷಣ ಎಂಬ ಕ್ರಮವನ್ನು ಪಾಲಿಸಬೇಕು.

9. ನಿಲುಗಡೆ. ಎಷ್ಟು ಸುತ್ತು ಹಾಕಿದರೆಂಬುದಕ್ಕಿಂತ ಹೇಗೆ ನಿಂತರೆಂಬುದು ಮುಖ್ಯ. ಮುಕ್ತಾಯದ ಪೆಟ್ಟಿಗೆ ಸರಿಯಾಗಿ, ಅಲುಗದೆ, ಪಾತ್ರದ ಭಾವದಲ್ಲಿಯೇ ನಿಲ್ಲಬಲ್ಲ ವಿದ್ಯಾರ್ಥಿಯು ಆ ತಿರುವನ್ನು ಕಲಿತಿದ್ದಾನೆಂದು ತಿಳಿಯಬಹುದು.

ವಿಮರ್ಶೆ ಮತ್ತು ವಿವಾದ

ಕಾರಂತರ ಪ್ರಯೋಗಗಳೆಲ್ಲವನ್ನೂ ಯಕ್ಷಗಾನ ಲೋಕವು ಒಪ್ಪಲಿಲ್ಲ. ಹಿಮ್ಮೇಳಕ್ಕೆ ಪಿಟೀಲು ಮತ್ತು ಸ್ಯಾಕ್ಸೋಫೋನುಗಳನ್ನು ಸೇರಿಸಿದುದು ಚರ್ಚೆಗೆ ಎಡೆಮಾಡಿತು. ಮಾತುಗಾರಿಕೆಯನ್ನು ಬಹುಮಟ್ಟಿಗೆ ಕೈಬಿಟ್ಟುದನ್ನು ಅನೇಕರು ಆಕ್ಷೇಪಿಸಿದರು. ಕಲಾವಿದನು ಆಶುವಾಗಿ ಆಡುವ ಅರ್ಥವು ಯಕ್ಷಗಾನದ ಒಂದು ಕಣ್ಣು. ಅದನ್ನು ತೆಗೆದರೆ ಹಳ್ಳಿಯ ಪ್ರೇಕ್ಷಕನಿಗೆ ಆಟವು ಅಪೂರ್ಣವೆನಿಸುತ್ತದೆ ಎಂಬ ವಾದದಲ್ಲಿ ತೂಕವಿದೆ. ಇಡೀ ರಾತ್ರಿಯ ಆಟವನ್ನು ಮೊಟಕುಗೊಳಿಸಿದ ಬಗೆಗೂ ಭಿನ್ನಾಭಿಪ್ರಾಯಗಳಿದ್ದವು.

ಆದರೆ ಅವರ ಟೀಕಾಕಾರರೂ ಅಲ್ಲಗಳೆಯದ ಒಂದು ಸಂಗತಿಯಿದೆ. ಕುಣಿತವು ಕ್ರಮವಾಗಿ ಕಲಿಯಬೇಕಾದ ವಿದ್ಯೆ, ಅದಕ್ಕೆ ಶಾಲೆ, ಗುರು ಮತ್ತು ಸಮಯ ಬೇಕು ಎಂಬ ತಿಳಿವಳಿಕೆಯನ್ನು ಬೇರೂರಿಸಿದವರಲ್ಲಿ ಕಾರಂತರು ಅಗ್ರಗಣ್ಯರು. ಇದೇ ದಾರಿಯಲ್ಲಿ ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ 1986ರಲ್ಲಿ ಕೆರೆಮನೆ ಶಂಭು ಹೆಗಡೆಯವರು ಶ್ರೀಮಯ ಯಕ್ಷಗಾನ ರಂಗ ಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ಅವರ ತಂದೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ್ದ ಇಡಗುಂಜಿ ಮೇಳದ ಅನುಭವವೇ ಈ ಶಿಕ್ಷಣ ಕೇಂದ್ರದ ಬಂಡವಾಳವಾಗಿತ್ತು.

ಪುರಸ್ಕಾರಗಳು ಮತ್ತು ಕೊನೆಯ ವರ್ಷಗಳು

ಕಾರಂತರು ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ರಚಿಸಿದರು. 1977ನೇ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಭಾಜನರಾದರು. 1968ರಲ್ಲಿ ದೊರೆತಿದ್ದ ಪದ್ಮಭೂಷಣ ಪ್ರಶಸ್ತಿಯನ್ನು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಹಿಂದಿರುಗಿಸಿದರು. ಪುತ್ತೂರನ್ನು ಬಿಟ್ಟು ಹುಟ್ಟೂರಿನ ಸಮೀಪದ ಸಾಲಿಗ್ರಾಮದಲ್ಲಿ ನೆಲೆಸಿದ ಮೇಲೆಯೂ ಬರಹ, ಪರಿಸರ ಹೋರಾಟ ಮತ್ತು ಯಕ್ಷಗಾನ ಯಾವುದನ್ನೂ ನಿಲ್ಲಿಸಲಿಲ್ಲ. 1997ರ ಡಿಸೆಂಬರ್ 9ರಂದು, ತಮ್ಮ 95ನೇ ವಯಸ್ಸಿನಲ್ಲಿ ನಿಧನರಾದರು. ಪುತ್ತೂರಿನ ಬಾಲವನವು ಅವರ ಸ್ಮಾರಕವಾಗಿ ಉಳಿದಿದೆ.

ಪೋಷಕರು ಮತ್ತು ಅರ್ಜಿದಾರರ ಗಮನಕ್ಕೆ

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳು ಒಂದಕ್ಕೊಂದು ದೂರ. ಲಿಂಗನಮಕ್ಕಿ ಹಿನ್ನೀರಿನಾಚೆಯ ಸಿಗಂದೂರು ಭಾಗದ ಜನರು ಹಲವು ದಶಕಗಳ ಕಾಲ ಲಾಂಚನ್ನೇ ಅವಲಂಬಿಸಿದ್ದರು. 2025ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು. ಗುರುಗಳು ಹಳ್ಳಿಗೆ ಬರುವುದೂ, ಮಕ್ಕಳು ಶಿಬಿರಕ್ಕೆ ಹೋಗುವುದೂ ಇದರಿಂದ ಸುಲಭವಾಗಿದೆ. ದಾರಿ ಹತ್ತಿರವಾದಾಗ ಆತುರವೂ ಹೆಚ್ಚುವುದುಂಟು. ವಾರ್ಷಿಕೋತ್ಸವಕ್ಕೆಂದು ಒಂದೆರಡು ವಾರಗಳಲ್ಲಿ ಮಂಡಿ ಹಾಕಿಸುವ ತರಬೇತಿಯು ಮಕ್ಕಳ ಮೊಣಕಾಲಿಗೂ ಹಿತವಲ್ಲ, ಕಲೆಗೂ ಹಿತವಲ್ಲ.

ಮಕ್ಕಳನ್ನು ಸೇರಿಸುವ ಮುನ್ನ ಪೋಷಕರು ಒಂದು ದಿನ ತರಗತಿಯಲ್ಲಿ ಕುಳಿತು ನೋಡುವುದು ಒಳ್ಳೆಯದು. ಗುರುಗಳು ಸುತ್ತುಗಳನ್ನು ಎಣಿಸುತ್ತಾರೆಯೇ, ಪಾದವನ್ನು ತಿದ್ದುತ್ತಾರೆಯೇ ಎಂಬುದನ್ನು ಗಮನಿಸಿದರೆ ಸಾಕು. ತರಬೇತಿ ಶಿಬಿರಗಳಿಗೆ ಧನಸಹಾಯ ಕೋರುವ ಸಂಘ ಸಂಸ್ಥೆಗಳು ಆಯಾ ವರ್ಷದ ಪ್ರಕಟಣೆಯಲ್ಲಿನ ನಿಯಮಗಳನ್ನು ಓದಿಕೊಂಡು ಅರ್ಜಿ ಸಲ್ಲಿಸತಕ್ಕದ್ದು. ಶಿಬಿರದ ಯೋಜನೆಯನ್ನು ಸಿದ್ಧಪಡಿಸುವಾಗ ಪ್ರದರ್ಶನದ ದಿನಕ್ಕಿಂತ ಅಭ್ಯಾಸದ ದಿನಗಳಿಗೆ ಹೆಚ್ಚಿನ ಸ್ಥಳವನ್ನು ಮೀಸಲಿಡುವುದು ಕಾರಂತರ ಕಾರ್ಯಕ್ಕೆ ಸಲ್ಲಿಸುವ ಸೂಕ್ತ ಗೌರವವಾಗುತ್ತದೆ.